ಜಮೀನು ಹೋಗಿ ಆಮೀನು ಬಂದದ್ದು

ಕಳಸದ ಕಡೆ ಯಾವ ಯಂತ್ರವೂ ಕಂಪನಿಯಿಂದ ಬಂದ ರೂಪದಲ್ಲೇ ಬಹಳ ಕಾಲ ಬಾಳುವುದಿಲ್ಲ. ಜೀಪು ಬಂತೆಂದರೆ ಹಿಂದಿನ ಸೀಟು ಕಿತ್ತು ಗೊಬ್ಬರದ ಚೀಲಕ್ಕೆ ಜಾಗ ಮಾಡುತ್ತಾರೆ, ಮಳೆಗಾಲಕ್ಕೆ ಚಕ್ರಕ್ಕೆ ಚೈನು ಸುತ್ತುತ್ತಾರೆ. ಪಲ್ಪರ್ ಬಂತೆಂದರೆ ಮೋಟಾರು ಪಕ್ಕಕ್ಕಿಟ್ಟು ಡೀಸೆಲ್ ಎಂಜಿನ್ನಿಗೆ ಬೆಲ್ಟು ಹಾಕುತ್ತಾರೆ, ಯಾಕೆಂದರೆ ಕರೆಂಟನ್ನು ನಂಬಿ ಕಾಫಿ ಹಣ್ಣು ಕೊಯ್ಯುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಕಳೆ ಹೊಡೆಯುವ ಮಿಷನ್ನಿನ ತಲೆ ಬಿಚ್ಚಿ ಅದರಿಂದ ಗಿಡ ನೆಡುವ ಗುಂಡಿ ತೆಗೆಸುವವರೂ ಇದ್ದಾರೆ. ಇಂಥ ಊರಿಗೆ ಕಂಪ್ಯೂಟರ್ ಬಂದಾಗ ಅದೊಂದನ್ನು ಜನ ಸುಮ್ಮನೆ ಬಿಟ್ಟಾರೆಯೇ?

ನಾನಂತೂ ಬಿಟ್ಟವನಲ್ಲ. ವರ್ಡ್ ತೆರೆದ ಕೂಡಲೇ ನನ್ನ ಕೈ ಅಕ್ಷರದ ಕೀಲಿಗಳ ಕಡೆ ಹೋಗುವುದೇ ಇಲ್ಲ. ಮೇಲಿನ ಪಟ್ಟಿಯಲ್ಲಿ ಯಾವ ಗುಂಡಿ ಎಲ್ಲಿರಬೇಕು, ಯಾವುದನ್ನು ಕಿತ್ತೊಗೆಯಬೇಕು ಎಂಬ ವಿಚಾರ ಮೊದಲು ಇತ್ಯರ್ಥವಾಗಬೇಕು. ಆಷಾಢದಲ್ಲಿ ಈ ಚಟ ಉಲ್ಬಣಿಸುತ್ತದೆ. ತೋಟಕ್ಕೆ ಇಳಿಯುವಂತಿಲ್ಲ, ಕರೆಂಟು ಬಂದು ಬಂದು ಹೋಗುತ್ತಿರುತ್ತದೆ, ಯುಪಿಎಸ್ ಕುಂಯ್ ಕುಂಯ್ ಎನ್ನುತ್ತಿರುತ್ತದೆ. ಬ್ಯಾಂಕಿಗೆ ಬರೆಯಬೇಕಾದ ನಾಲ್ಕು ಸಾಲಿನ ಪತ್ರ ಎದುರಿಗಿದ್ದರೂ ಅದರ ಎಡ ಅಂಚು ಒಂದಿಂಚು ಇರಬೇಕೋ ಒಂದೂಕಾಲು ಇರಬೇಕೋ ಎಂದು ನೋಡುತ್ತ ಕೂರುತ್ತೇನೆ. ಒಳಗಿನಿಂದ ನನ್ನವಳ ದನಿ ಬರುತ್ತದೆ: "ಇಷ್ಟು ಹೊತ್ತಿಗೆ ಕೈಯಲ್ಲೇ ಬರೆದು ಪೋಸ್ಟಿಗೆ ಹಾಕಿ ಬರ್ಬಹುದಿತ್ತಲ್ಲ ಮಾರಾಯ್ರೆ!"

ಅವಳಿಗೆ ನನ್ನ ಸಾಧನೆಗಳ ಪೂರ್ಣ ಪರಿಚಯವಿಲ್ಲ. ನನ್ನ ವರ್ಡಿನಲ್ಲಿ 'ಮಾವಿ' ಎಂದು ಬರೆದು ಸ್ಪೇಸ್ ಒತ್ತಿದರೆ ಸಾಕು, "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಪೂರ್ತಿ ಸಾಲು ಬಂದು ಕೈ ಮುಗಿದು ನಿಲ್ಲುತ್ತದೆ. ಆಟೋಕರೆಕ್ಟ್ ಎಂಬ ಸೌಲಭ್ಯ ಇರುವುದು ಬೆರಳು ತಪ್ಪಿದ ಇಂಗ್ಲಿಷ್ ಪದಗಳನ್ನು ತಿದ್ದುವುದಕ್ಕೆ. ಅದಕ್ಕೆ ನಾನು ಸರ್ಕಾರಿ ವಿನಯವನ್ನು ಕಲಿಸಿದ್ದೇನೆ. ಅರ್ಜಿ ಬರೆಸಿಕೊಳ್ಳಲು ಬರುವ ನೆಂಟರು ಈ ಸಾಲು ಪರದೆಯ ಮೇಲೆ ಒಮ್ಮೆಗೇ ಧುಮುಕುವುದನ್ನು ಕಂಡು, ನನಗೆ ಕಾನೂನೂ ಗೊತ್ತುಂಟು ಎಂದು ನಂಬಿಬಿಟ್ಟಿದ್ದಾರೆ.

ಈ ಚಟಕ್ಕೆ ದೊಡ್ಡ ವಂಶಾವಳಿಯೇ ಇದೆ. ಮೈಕ್ರೋಕಂಪ್ಯೂಟರಿನ ಮೊದಮೊದಲ ವರ್ಡ್ ಪ್ರೊಸೆಸರ್ 'ಎಲೆಕ್ಟ್ರಿಕ್ ಪೆನ್ಸಿಲ್' ಹುಟ್ಟಿದ್ದು 1976ರಲ್ಲಿ. ಮೈಕಲ್ ಶ್ರೇಯರ್ ಎಂಬಾತ ತಾನು ಬರೆದ ಒಂದು ಪ್ರೋಗ್ರಾಮಿಗೆ ಕೈಪಿಡಿ ಟೈಪು ಮಾಡಬೇಕಾಗಿತ್ತು. ಎದುರಿಗೇ ಕಂಪ್ಯೂಟರ್ ಇರುವಾಗ ಟೈಪ್‌ರೈಟರ್ ಯಾಕೆ ಕುಟ್ಟಬೇಕೆಂದು ಅದಕ್ಕೊಂದು ತಂತ್ರಾಂಶವನ್ನೇ ಬರೆದ. ಒಂದು ಕೈಪಿಡಿ ಬರೆಯುವ ಬೇಸರ ತಪ್ಪಿಸಿಕೊಳ್ಳಲು ಅದರ ಹತ್ತರಷ್ಟು ಕೆಲಸ ಮೈಮೇಲೆಳೆದುಕೊಂಡ ಈ ಮಹಾನುಭಾವ ನಮ್ಮ ಕುಲದ ಮೂಲಪುರುಷ. ಅವನ ಹಿಂದೆಯೇ 1978ರಲ್ಲಿ ರಾಬ್ ಬಾರ್ನಬಿ ಬರೆದ ವರ್ಡ್‌ಸ್ಟಾರ್ ಬಂತು.

ನಮ್ಮ ತಲೆಮಾರಿನವರು ಕಂಪ್ಯೂಟರ್ ಕಲಿತದ್ದೇ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ತ್ರಿಮೂರ್ತಿಗಳಿಂದ. ಕಳಸದಿಂದ ಹೊರಟ ಬಸ್ಸು ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದುದೆಲ್ಲ ಬಾಯಿಗೆ ಬಂದಿರುತ್ತಿತ್ತು. ಆ ಸ್ಥಿತಿಯಲ್ಲಿ ಕಂಪ್ಯೂಟರ್ ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಸಿ ಕೋಣೆಗೆ ಬರಿಗಾಲಲ್ಲಿ ಹೋಗಿ, ಕಪ್ಪು ಪರದೆಯ ಮುಂದೆ ಭಕ್ತಿಯಿಂದ ಕೂರಬೇಕು. ವರ್ಡ್‌ಸ್ಟಾರಿನಲ್ಲಿ ಕಂಟ್ರೋಲ್ ಒತ್ತಿಕೊಂಡು 'ಇ' ಒತ್ತಿದರೆ ಮೇಲೆ, 'ಎಕ್ಸ್' ಒತ್ತಿದರೆ ಕೆಳಗೆ, 'ಎಸ್' ಎಂದರೆ ಎಡಕ್ಕೆ, 'ಡಿ' ಎಂದರೆ ಬಲಕ್ಕೆ. ಆ ಕಾಲದ ಎಷ್ಟೋ ಕೀಲಿಮಣೆಗಳಲ್ಲಿ ಬಾಣದ ಕೀಲಿಗಳೇ ಇರಲಿಲ್ಲ, ಅದಕ್ಕೇ ಈ ವ್ಯವಸ್ಥೆ. ಒಂದು ಪ್ಯಾರಾ ಎತ್ತಿ ಬೇರೆ ಕಡೆ ಇಡಬೇಕಾದರೆ ಆರಂಭದಲ್ಲಿ ಕಂಟ್ರೋಲ್ ಕೆ-ಬಿ, ಕೊನೆಯಲ್ಲಿ ಕೆ-ಕೆ, ಹೋಗಿ ಸೇರಬೇಕಾದ ಜಾಗದಲ್ಲಿ ಕೆ-ವಿ. ತರಗತಿಯಲ್ಲಿ ನಾವು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದೆವು.

ಒಮ್ಮೆ ಇದು ಬೆರಳಿಗೆ ಹತ್ತಿತೆಂದರೆ ಬಿಡುವುದು ಕಷ್ಟ. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಇಂಟರ್‌ನೆಟ್ಟಿನ ಗಾಳಿ ಸೋಕದ ಒಂದು ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0 ಇಟ್ಟುಕೊಂಡೇ ಬರೆಯುವುದಾಗಿ 2014ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಹೇಳಿದರು. ಸಣ್ಣಕ್ಷರ ಒತ್ತಿದರೆ ತಾನಾಗಿಯೇ ದೊಡ್ಡಕ್ಷರ ಮಾಡುವ ಹೊಸ ತಂತ್ರಾಂಶಗಳನ್ನು ಕಂಡರೆ ಅವರಿಗೆ ಆಗುವುದಿಲ್ಲವಂತೆ. ಅವರಿಗೇನು ಗೊತ್ತು! ದೊಡ್ಡಕ್ಷರದ ನಿಜವಾದ ಹೊಡೆತ ತಿಂದವರು, ದೊಡ್ಡಕ್ಷರವೇ ಇಲ್ಲದ ಭಾಷೆಯ ನಾವು.

ಅದು ಹೇಗೆಂದರೆ, ಆಗಿನ ಕಂಪ್ಯೂಟರ್ ಕನ್ನಡ ಒಂದು ವೇಷ. ಫಾಂಟಿನಲ್ಲಿ ಇದ್ದದ್ದು 256 ಮನೆ, ಅಷ್ಟೂ ಇಂಗ್ಲಿಷಿನವರ ಹೆಸರಿನಲ್ಲಿ ಖಾತೆಯಾದದ್ದು. ನಮ್ಮ ಅಕ್ಷರಗಳನ್ನು ತುಂಡು ಮಾಡಿ ಆ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದ್ದರು. ಹೆಚ್ಚು ಬಳಕೆಯಲ್ಲಿದ್ದ ವಿನ್ಯಾಸದಲ್ಲಿ 'ಕ'ದ ಒಡಲು ದೊಡ್ಡ 'ಪಿ' ಮನೆಯಲ್ಲಿ, ಅದರ ತಲೆಕಟ್ಟು ನೆತ್ತಿಯ ಮೇಲೆ ಗೀಟಿರುವ ಇನ್ಯಾವುದೋ 'ಎ' ಮನೆಯಲ್ಲಿ. 'ನ' ಕೂತದ್ದು ಬ್ರಿಟನ್ನಿನ ಪೌಂಡಿನ ಗುರುತಿನಲ್ಲಿ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಪುಟದ ತುಂಬ ಪೌಂಡೋ ಪೌಂಡು. ನಮ್ಮ ಕಾಫಿಗೆ ಯಾವ ವರ್ಷವೂ ಅಷ್ಟು ಪೌಂಡು ಬಂದದ್ದಿಲ್ಲ.

'ಜ' ಕೂತಿದ್ದದ್ದು ಸಣ್ಣ 'ಡಿ' ಮನೆಯಲ್ಲಿ, 'ಆ' ದೊಡ್ಡ 'ಡಿ' ಮನೆಯಲ್ಲಿ. ಕಥೆ ಇರುವುದು ಇಲ್ಲಿ. ನನ್ನ ದೊಡ್ಡಪ್ಪ ಜಮೀನಿನ ಪೋಡಿಗೆ ಅರ್ಜಿ ಬರೆಸಲು ಪೇಟೆಯ ಡಿಟಿಪಿ ಅಂಗಡಿಗೆ ಹೋದರು, ಜೊತೆಗೆ ನಾನೂ. ಹುಡುಗ ಚುರುಕು. "ಜಮೀನು ನಮ್ಮ ಅನುಭವದಲ್ಲಿದ್ದು..." ಎಂದು ಕುಟ್ಟಿದ. ಇಂಗ್ಲಿಷ್ ಮಾತ್ರ ಬಲ್ಲ ಯಂತ್ರಕ್ಕೆ ಕಂಡದ್ದು, ವಾಕ್ಯದ ಮೊದಲಲ್ಲೇ ಒಂದು ಸಣ್ಣ 'ಡಿ'. ವ್ಯಾಕರಣ ಕೆಡಬಾರದೆಂದು ಅದನ್ನು ದೊಡ್ಡದು ಮಾಡಿತು. ಅಚ್ಚಾಗಿ ಹೊರಬಂದ ಹಾಳೆಯಲ್ಲಿ ಪ್ರತಿ ವಾಕ್ಯದ ಮೊದಲಲ್ಲೂ "ಆಮೀನು."

ದೊಡ್ಡಪ್ಪ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು. ಸಾಲದ ಕಾಲದಲ್ಲಿ ಕೋರ್ಟಿನ ಅಮೀನ ಮನೆಯ ಮೆಟ್ಟಿಲು ಹತ್ತಿದ್ದನ್ನು ಹುಡುಗನಾಗಿದ್ದಾಗ ಕಂಡವರು ಅವರು. "ಎಂತ ಮಾರಾಯ ಇದು, ಪೋಡಿ ಮಾಡಿಸಿ ಕೊಡು ಅಂದ್ರೆ ನೀನು ಜಪ್ತಿಗೆ ಜನ ಕಳ್ಸಿದ್ದೀಯಲ್ಲ!" ಹುಡುಗ ತಿದ್ದಿದ, ಸ್ಪೇಸ್ ಒತ್ತಿದ, ಅಮೀನ ಮತ್ತೆ ಹಾಜರು. ಮತ್ತೆ ತಿದ್ದಿದ. ಯಂತ್ರಕ್ಕೂ ಛಲ, ಹುಡುಗನಿಗೂ ಛಲ. ಕೊನೆಗೆ ಅವನು ಕಂಡುಕೊಂಡ ಉಪಾಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ: ಪ್ರತಿ ವಾಕ್ಯವನ್ನೂ "ಸದರಿ ಜಮೀನು" ಎಂದು ಶುರು ಮಾಡಿದ. 'ಸ' ಕೂತಿದ್ದದ್ದು ಯಾವುದೋ ಬಾಲದಂಥ ಚಿಹ್ನೆಯ ಮನೆಯಲ್ಲಿ, ಅದಕ್ಕೆ ದೊಡ್ಡಕ್ಷರವೇ ಇಲ್ಲ, ಯಂತ್ರ ಕೈಚೆಲ್ಲಿತು. ಕಂದಾಯ ಇಲಾಖೆಯ ಕನ್ನಡದಲ್ಲಿ 'ಸದರಿ' ಎಂಬ ಪದ ಇಷ್ಟು ಉಪಕಾರಕ್ಕೆ ಬಂದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ತಿಂಗಳ ಮೇಲೆ ಮೂಡಿಗೆರೆಯಿಂದ ಯಾರೋ ಬಲ್ಲವರು ಬಂದು, ಟೂಲ್ಸ್ ಮೆನುವಿನೊಳಗೆ ಹೊಕ್ಕು, ಆಟೋಕರೆಕ್ಟಿನ ಪೆಟ್ಟಿಗೆಯಲ್ಲಿ ಒಂದು ಟಿಕ್ ಗುರುತು ತೆಗೆದರು. ಅಲ್ಲಿಂದ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಬಂದರೆ ಮೊದಲು ಆ ಟಿಕ್ಕು ತೆಗೆಯುವುದು, ಆಮೇಲೆ ಊದುಬತ್ತಿ. ಹುಡುಗ ಕಣ್ಣುಮುಚ್ಚಿ ಆ ದಾರಿ ಹಿಡಿಯಬಲ್ಲವನಾಗಿದ್ದ. 2007ರ ಆಫೀಸ್ ಆವೃತ್ತಿಯಲ್ಲಿ ಮೆನುಗಳನ್ನೆಲ್ಲ ಎತ್ತಿ ರಿಬ್ಬನ್ ಎಂಬುದನ್ನು ಹಾಸಿದಾಗ ಅವನು ಮಂಕಾದ. ಅಷ್ಟು ವರ್ಷ ತುಳಿದ ದಾರಿ ಒಂದೇ ರಾತ್ರಿಗೆ ಮುಚ್ಚಿಹೋಗಿತ್ತು.

ಯೋಚಿಸಿದರೆ ಕನ್ನಡ ಕಂಪ್ಯೂಟರಿನೊಳಗೆ ಬಂದದ್ದೇ, ಇದ್ದದ್ದನ್ನು ಇದ್ದ ಹಾಗೆ ಬಿಡಲಾರದ ಕೆಲವರ ಕೈಯಿಂದ. ಘಟ್ಟದ ಕೆಳಗೆ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯನ್ನೇ ಉಚ್ಚಾರಣೆಗೆ ತಕ್ಕಂತೆ ಕನ್ನಡಕ್ಕೆ ಒಗ್ಗಿಸಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಸೇರಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ನಮ್ಮೂರಿನ ಹೆಸರಿಗೆ ಮೂರೇ ಕೀಲಿ, ನಡುವಿನದಕ್ಕೆ ಮಾತ್ರ ಶಿಫ್ಟ್. ಡಾಸ್ ಕಾಲದಲ್ಲೇ ಅವರು ಮಾಡಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನ ಹೆಸರು, ಸೇಡಿಯಾಪು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ಹೊರತಂದರು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನು ಹೊಕ್ಕಿತು, ರಾಯರ ಕೀಲಿಮಣೆಯ ಜಾಡಿನಲ್ಲೇ.

ಇನ್ನು ನಮ್ಮದೇ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಕಾಫಿ ತೋಟ, ಗಾಳ, ಕ್ಯಾಮೆರಾ, ಸ್ಕೂಟರ್ ರಿಪೇರಿ ಎಲ್ಲ ಮುಗಿಸಿದ ಮೇಲೂ ಕಂಪ್ಯೂಟರನ್ನು ಬಿಚ್ಚಿ ನೋಡುವ ಕುತೂಹಲ ಉಳಿದಿದ್ದ ಸಾಹಿತಿ. ಸಭೆಗಳಲ್ಲಿ ಕನ್ನಡ ಉಳಿಸುವ ಭಾಷಣ ಕೇಳಿ ಅವರಿಗೆ ಸಾಕಾಗಿತ್ತೋ ಏನೋ, ಕನ್ನಡಕ್ಕೆ ಸರಿಯಾದ ತಂತ್ರಾಂಶ ಬೇಕೆಂದು ಪಟ್ಟು ಹಿಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಮೂಡಿಗೆರೆಯ ಮಳೆಯಲ್ಲಿ, ಆ ಕಾಲದ ಕರೆಂಟಿನಲ್ಲಿ ಕೂತು ಈ ಹಟ ಹಿಡಿಯುವುದಕ್ಕೆ ಎಂಥ ಗುಂಡಿಗೆ ಬೇಕೆಂದು ಇಲ್ಲಿ ಯುಪಿಎಸ್ ಇಟ್ಟುಕೊಂಡವರಿಗೆ ಮಾತ್ರ ಗೊತ್ತು.

ಕೊನೆಗೆ ಯೂನಿಕೋಡ್ ಬಂದು ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. 1991ರ ಮೊದಲ ಆವೃತ್ತಿಯಲ್ಲೇ ನಮಗೆ ಜಾಗ ಕಾದಿರಿಸಿದ್ದರು, ಗೃಹಪ್ರವೇಶಕ್ಕೆ ಹತ್ತು ವರ್ಷ ಬೇಕಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ಇದರಲ್ಲಿ ನನ್ನದೊಂದು ತಕರಾರಿದೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ನಮ್ಮ ಪಕ್ಕದ ಗಂಗಾಮೂಲದಲ್ಲೇ ಹುಟ್ಟಿದವರು. ಶೃಂಗೇರಿಯ ಕಡೆ ಹರಿದ ತುಂಗೆ ಕಂಪ್ಯೂಟರ್ ಸೇರಿದಳು, ಕಳಸದ ಕಡೆ ಬಂದ ಭದ್ರೆಯನ್ನು ಕೇಳಿದವರಿಲ್ಲ. ತಾಲ್ಲೂಕು ಆಗುವುದಕ್ಕೂ ನಾವು ಹೀಗೇ ಕಾದವರು.

ಯೂನಿಕೋಡಿನಲ್ಲಿ ಅಮೀನನ ಕಾಟ ತಪ್ಪಿತು. 'ಜ' ಈಗ ಜವೇ, ಯಾವ ದೊಡ್ಡಕ್ಷರಕ್ಕೂ ಹೆದರಬೇಕಾಗಿಲ್ಲ. ರಿಪೇರಿ ಮಾಡುವುದಕ್ಕೆ ಏನೂ ಉಳಿಯಲಿಲ್ಲವೆಂಬ ಚಿಂತೆಯಲ್ಲಿ ನಾನು ತೋಟದ ಲೆಕ್ಕದ ಹಾಳೆಗೆ ಕೈ ಹಾಕಿದೆ.

ತೋಟದಲ್ಲಿ ಹಾಜರಿ ಬರೆಯುವ ಕ್ರಮ ಒಂದಿದೆ: ಗಂಡಾಳು ಹನ್ನೆರಡು, ಹೆಣ್ಣಾಳು ಎಂಟು ಇದ್ದರೆ 12-8. ಅಜ್ಜನ ಕಾಲದ ಚೆಕ್‌ರೋಲಿನಲ್ಲೂ ಹಾಗೆಯೇ ಇದೆ. ಕಂಪ್ಯೂಟರಿನ ಕೋಷ್ಟಕದಲ್ಲಿ ಅದನ್ನೇ ತುಂಬಿದರೆ ಅದು ಆಗಸ್ಟ್ ಹನ್ನೆರಡು ಎಂದು ಓದಿಕೊಂಡಿತು. ಜನವರಿಯ ಕೊಯ್ಲಿನ ಭರಾಟೆಯಲ್ಲಿ ಆಳುಗಳೆಲ್ಲ ಆಗಸ್ಟಿಗೆ ಹೋಗಿ ಕೂತರು. ಈ ತಾರೀಖಿನ ಹುಚ್ಚು ನಮ್ಮೊಬ್ಬರ ಗೋಳಲ್ಲ. ಮಾರ್ಚ್, ಸೆಪ್ಟೆಂಬರ್ ತಿಂಗಳನ್ನು ಹೋಲುವ ಜೀನ್ ಹೆಸರುಗಳೆಲ್ಲ ಕೋಷ್ಟಕಗಳಲ್ಲಿ ತಾರೀಖಾಗುತ್ತಿವೆಯೆಂದು, ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಆ ಹೆಸರುಗಳನ್ನೇ ಬದಲಿಸಿತು. ವಿಜ್ಞಾನಿಗಳು ಸೋತರು. ನಮ್ಮ ಮೇಸ್ತ್ರಿ ಮಾತ್ರ ಬಗ್ಗಲಿಲ್ಲ. "ಬರೆಯೋ ಕ್ರಮ ನಾನು ಯಾಕೆ ಬದ್ಲಿಸ್ಬೇಕು? ನಿಮ್ಮ ಮಿಷನ್ನಿಗೆ ಹೇಳಿ" ಎಂದ. ಹೇಳಿದೆ. ಆ ಕಾಲಮ್ಮಿಗೆಲ್ಲ 'ಟೆಕ್ಸ್ಟ್' ಎಂಬ ಮುದ್ರೆ ಒತ್ತಿ, ಆಳುಗಳನ್ನು ಜನವರಿಗೆ ಕರೆಸಿಕೊಂಡೆ. ಪಕ್ಕದಲ್ಲೇ ಮಳೆಯ ಲೆಕ್ಕಕ್ಕೆ ಇನ್ನೊಂದು ಕಾಲಮ್ಮು, ಇಂಚು-ಸೆಂಟಿನಲ್ಲಿ. ಮಿಲಿಮೀಟರಿನಲ್ಲಿ ಮಳೆ ಹೇಳಿದರೆ ಕಾಫಿ ಸೀಮೆಯಲ್ಲಿ ಯಾರೂ ನೆನೆಯುವುದಿಲ್ಲ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮೇಸ್ತ್ರಿ ಈಗ ಹಾಜರಿಯನ್ನು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾನೆ, ಗೈರಾದವರ ಕಾರಣ ಸಮೇತ. ಆ ಕಾರಣಗಳನ್ನು ವ್ಯವಸ್ಥೆಗೆ ತರಬೇಕೆನಿಸಿ, ಕೋಷ್ಟಕದ ಚೌಕದ ಮೇಲೆ ಒತ್ತಿದರೆ ಕೆಳಗೆ ಬಿಚ್ಚಿಕೊಳ್ಳುವ ಒಂದು ಪಟ್ಟಿ ಮಾಡಿದೆ: ಜ್ವರ, ಮದುವೆ, ಸಂತೆ, ಹೊರನಾಡಿಗೆ ಹರಕೆ, ಊರಿಗೆ ಹೋಗಿದ್ದಾನೆ. ಮೇಸ್ತ್ರಿಗೆ ಲ್ಯಾಪ್‌ಟಾಪ್ ತೋರಿಸಿ ಅಭಿಪ್ರಾಯ ಕೇಳಿದೆ. ನೋಡಿ ಹೇಳಿದ: "ಎಲ್ಲ ಸರಿ ಉಂಟು ಸಾರ್. 'ಮಳೆ ನೋಡಿ ಮನಸ್ಸು ಬರ್ಲಿಲ್ಲ' ಅಂತ ಒಂದು ಹಾಕಿ. ಅದೇ ಜಾಸ್ತಿ ಬೇಕಾಗೋದು."

ಹಾಕಿದೆ. ನನ್ನವಳು ಅದೇ ಸಂಜೆ ಹಾಜರಿಯ ಕೊನೆಯಲ್ಲಿ ನನ್ನ ಹೆಸರಿನದೊಂದು ಸಾಲು ಸೇರಿಸಿ, ಬ್ಯಾಂಕಿನ ಪತ್ರದ ಎದುರು ಆ ಕಾರಣವನ್ನೇ ಆರಿಸಿ ಇಟ್ಟಿದ್ದಾಳೆ.