ಬಾಟಲಿ ಊರಿಗೆ, ಕೆಗ್ಗು ಮನೆಗೆ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಆಸುಪಾಸಿನ ಕನ್ನಡ ಸಂಸಾರಗಳ ನಡುವೆ ಇಂಥ ರಾಯರೊಬ್ಬರು ಇರಲೇಬೇಕು. ವಾರವೆಲ್ಲ ಚಿಪ್ ವಿನ್ಯಾಸ, ಶನಿವಾರ ಗ್ಯಾರೇಜಿನಲ್ಲಿ ಬಿಯರ್. ಮನೆಯಲ್ಲೇ ಬಿಯರ್ ಮಾಡಿಕೊಳ್ಳಿ ಎಂದು 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅವರಿಗೆ ಬಾಯಿಪಾಠ: ತಲೆಗೆ ವರ್ಷಕ್ಕೆ 100 ಗ್ಯಾಲನ್, ದಂಪತಿಗೆ 200, ಮಾರುವಂತಿಲ್ಲ. ಹೆಂಡತಿ ಬಿಯರ್ ಮುಟ್ಟುವವರಲ್ಲ. ಆಕೆಯ 100 ಗ್ಯಾಲನ್ನೂ ರಾಯರ ಖಾತೆಗೇ ಜಮಾ.

ಒಂದು ಸಲಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಹುದುಗು ಬಂದು ಮುಗಿದ ಮೇಲೆ ತುಂಬುವ ದಿನ. ಅವತ್ತು ಗ್ಯಾರೇಜೆಲ್ಲ ಮಡಿ. ಸ್ಟಾರ್ ಸ್ಯಾನ್ ಎಂಬ ಸೋಂಕುನಿವಾರಕದ ನೀರಿನಲ್ಲಿ ಮಿಂದೇಳದ ಪೈಪಿಲ್ಲ, ಚಮಚವಿಲ್ಲ. ‘ಮುಟ್ಬೇಡಿ, ಮುಟ್ಬೇಡಿ’ ಎಂದು ಒದ್ದೆ ಕೈ ಮೇಲೆತ್ತಿ ನಿಲ್ಲುವ ಭಂಗಿ, ಉಪ್ಪಿನಕಾಯಿ ಜಾಡಿ ಕಾಯುತ್ತಿದ್ದ ಅವರಜ್ಜಿಯದೇ. ಊರಲ್ಲಿದ್ದಾಗ ಆ ಮಡಿಯನ್ನು ಗೇಲಿ ಮಾಡಿದವರೂ ಇವರೇ.

ಮೊದಲು ತುಂಬುವುದು ಕೆಗ್ಗು, ಅಂದರೆ ಬಿಯರ್ ಪೀಪಾಯಿ. ಅದಕ್ಕೆ ಶಾಸ್ತ್ರವುಂಟು. ಬಾಟಲಿಯೊಳಗೆ ಗ್ಯಾಸು ಹುಟ್ಟಬೇಕಾದರೆ ಒಂದಿಷ್ಟು ಸಕ್ಕರೆ ಬೇಕು. ಕೆಗ್ಗಿಗಾದರೆ ಸಿಲಿಂಡರಿನ ಗ್ಯಾಸೇ ಸಾಕು. ಹಾಗಾಗಿ ಕೆಗ್ಗಿನ ಪಾಲು ತೆಗೆದು, ಉಳಿದದ್ದಕ್ಕೆ ಮಾತ್ರ ಸಕ್ಕರೆ ತೂಗಿ ಬೆರೆಸಬೇಕು. 5 ಗ್ಯಾಲನ್ನಿನ ಸಕ್ಕರೆಯನ್ನು 2 ಗ್ಯಾಲನ್ನಿಗೆ ಸುರಿದರೆ ಬಾಟಲಿಗಳು ಸಿಡಿದಾವು. ಎಲ್ಲ ಸರಿ, ಆದರೆ ಯಾವುದಕ್ಕೆ ಎಷ್ಟು ಪಾಲು? ಅದನ್ನು ಶಾಸ್ತ್ರ ಹೇಳುವುದಿಲ್ಲ, ರಾಯರು ಹೇಳುತ್ತಾರೆ.

ಕೆಗ್ಗು ಸ್ವಂತಕ್ಕೆ. ಒಳಗೆ ಎಷ್ಟು ಉಳಿದಿದೆ ಎಂದು ಯಾರ ಕಣ್ಣಿಗೂ ಬೀಳದ ಸ್ಟೀಲ್ ಪಾತ್ರೆ, ಸಂಸಾರಸ್ಥನಿಗೆ ಅದಕ್ಕಿಂತ ಏನು ಬೇಕು! ಬಾಟಲಿ ಕೀರ್ತಿಗೆ. 355 ಮಿಲಿಯವು 20 ಬಂದರೆ ಲೇಬಲ್ ನೆಟ್ಟಗೆ ಅಂಟಿದವು ಮ್ಯಾನೇಜರಿಗೆ, ಸೊಟ್ಟ ಅಂಟಿದವು ಕನ್ನಡ ಕೂಟದವರಿಗೆ. ಷಡ್ಡಕನಿಗೆ ಕಟ್ಟಕಡೆಯದು ಒಂದು, ಬಕೆಟ್ಟಿನ ತಳದ ಗಸಿ ಸಮೇತ.

ಈಸಿಕೊಂಡವನ ಪಾಡು ಕೇಳಬೇಡಿ. ಎರಡು ವಾರ ಫ್ರಿಜ್ಜಿಗೆ ಇಡಬಾರದು, ಆಮೇಲೆ ನಿಲ್ಲಿಸಿಯೇ ತಣಿಸಬೇಕು, ಅಲುಗಿಸದೆ ಬಗ್ಗಿಸಬೇಕು. ‘ಚೆನ್ನಾಗಿತ್ತು’ ಅಂದರೆ ರಾಯರು ಬಿಡುವುದಿಲ್ಲ. ‘ಅದು ಬಿಡ್ರೀ, ನೊರೆ ಎಷ್ಟು ಹೊತ್ತು ನಿಂತಿತ್ತು?’ ಒರೆಗಾನ್‌ನಲ್ಲಿ ಖಾಲಿ ಬಾಟಲಿ ಅಂಗಡಿಗೆ ಕೊಟ್ಟರೆ 10 ಸೆಂಟ್ ಬರುತ್ತದೆ. ರಾಯರಿಗೆ ಕೊಟ್ಟರೆ ಬರುವುದು ಇನ್ನೊಂದು ತುಂಬಿದ ಬಾಟಲಿ.

ಸೂಪರ್ ಬೌಲ್ ದಿನ ಮನೆ ತುಂಬ ಜನ. ‘ಕೆಗ್ಗಲ್ಲಿ ಇನ್ನೂ ಅರ್ಧ ಇದೆ’ ಎಂದು ರಾಯರು ನಲ್ಲಿ ಎಳೆದರೆ ಬುಸ್ಸೆಂದು ಬರೀ ನೊರೆ. ‘ಪ್ರೆಷರ್ ಏನೋ ಸರಿ ಇಲ್ಲ’ ಎಂದು ಗೇಜು ತಟ್ಟುತ್ತಾರೆ. ‘ಗುರುವಾರವೇ ಮುಗೀತಲ್ರೀ’ ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ. ಷಡ್ಡಕ ಮಾತಾಡದೆ ತಾನು ಅಂಗಡಿಯಿಂದ ತಂದ ಆರು ಬಾಟಲಿ ಬಿಚ್ಚುತ್ತಾನೆ. ರಾಯರು ಒಂದನ್ನೆತ್ತಿ, ಮುಚ್ಚಳ ತಿರುಪಿನದಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳುತ್ತಾರೆ: ‘ಕುಡಿದ ಮೇಲೆ ಬಾಟ್ಲಿ ಇಲ್ಲೇ ಇಟ್ಟು ಹೋಗಿ.’