ಪರ್ಸೆಂಟ್ ರಾಯರು

"ಹೇಗಿದ್ದೀರಿ ರಾಯರೇ?" ಎಂದರೆ "ಎಪ್ಪತ್ತೆರಡು" ಎನ್ನುತ್ತಾರೆ. ಹೊಸದಾಗಿ ಬಂದ ಸೆಕ್ಯೂರಿಟಿ ಹುಡುಗ ಅದನ್ನು ವಯಸ್ಸು ಎಂದುಕೊಂಡು, "ನೋಡಿದ್ರೆ ಅಷ್ಟು ಅನ್ಸಲ್ಲ ಸಾರ್" ಎಂದು ಸಮಾಧಾನ ಹೇಳಿದ್ದ. ಮರುದಿನ ಸಂಜೆ ಅದೇ ಪ್ರಶ್ನೆಗೆ "ಐವತ್ತೆಂಟು" ಎಂಬ ಉತ್ತರ ಬಂದಾಗ, ಹಿಂದಿನ ಗೇಟಿನವನ ಹತ್ತಿರ ಹೋಗಿ ಗುಟ್ಟಾಗಿ ವಿಚಾರಿಸಿದನಂತೆ. ರಾಯರು ಹೇಳುತ್ತಿದ್ದದ್ದು ಕಾರಿನ ಚಾರ್ಜು. ತಮ್ಮ ಕ್ಷೇಮಸಮಾಚಾರ ಬೇರೆ, ಬ್ಯಾಟರಿಯದು ಬೇರೆ ಎಂಬ ಭೇದಭಾವ ಅವರಲ್ಲಿ ಉಳಿದಿಲ್ಲ.

ಇಂಥವರು ಈಗ ಬೆಂಗಳೂರಿನ ಎಷ್ಟೋ ಬೇಸ್‌ಮೆಂಟುಗಳಲ್ಲಿ ಸಿಗುತ್ತಾರೆ. ಎಲೆಕ್ಟ್ರಿಕ್ ಕಾರು ಬಂದಮೇಲೆ ಹುಟ್ಟಿದ ತಳಿ ಇದಲ್ಲ. ಬಜಾಜ್ ಸ್ಕೂಟರಿನ ಕಾಲದಲ್ಲಿ ಪೆಟ್ರೋಲ್ ಹಾಕಿಸಿದ ತಾರೀಕು, ಲೀಟರು, ಓಡಿದ ಕಿಲೋಮೀಟರು ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟು, ಗಾಡಿ ನಿಂತಾಗ ಪಕ್ಕಕ್ಕೆ ವಾಲಿಸಿ ಕೊನೆಯ ಹನಿಯನ್ನೂ ವಸೂಲು ಮಾಡುತ್ತಿದ್ದವರು ಇವರೇ. ಅದರಲ್ಲೂ ನಮ್ಮ ರಾಯರು ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಕ್ಕ ಟ್ಯಾಲಿ ಮಾಡಿ ನಿವೃತ್ತರಾದವರು.

ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಚಾರ್ಜು ಕಾಣುತ್ತದಲ್ಲ ಎಂದರೆ ಅವರಿಗೆ ನಗು. "ಸಾಲ ಕೇಳೋಕೆ ಬಂದವನು ತನ್ನ ಬಗ್ಗೆ ತಾನೇ ಹೇಳಿದ್ದನ್ನ ನಂಬಿ ಸಾಲ ಕೊಡ್ತೀವೇನ್ರೀ?" ಆದ್ದರಿಂದ ಎಸ್.ಪಿ. ರೋಡಿಗೆ ಹೋಗಿ, ಚೌಕಾಸಿ ಮಾಡಿ, ಬೆಂಕಿಪೊಟ್ಟಣದ ಗಾತ್ರದ ಒಂದು ಬ್ಲೂಟೂತ್ ಡಾಂಗಲ್ ತಂದರು. ಸ್ಟೇರಿಂಗಿನ ಕೆಳಗೆ ಮೆಕ್ಯಾನಿಕ್ಕುಗಳಿಗೆಂದು ಬಿಟ್ಟಿರುವ ಹದಿನಾರು ಪಿನ್ನಿನ ಒಂದು ಕಿಂಡಿ ಇರುತ್ತದೆ, ಒಬಿಡಿ ಪೋರ್ಟ್ ಅಂತ. ಕಾರುಗಳ ಹೊಗೆಯ ಮೇಲೆ ಕಣ್ಣಿಡಲು ಅಮೆರಿಕದವರು 1996ರಲ್ಲಿ ಕಡ್ಡಾಯ ಮಾಡಿದ್ದು. ಹೊಗೆಯೇ ಇಲ್ಲದ ಕಾರಿನಲ್ಲೂ ಅದು ಉಳಿದುಕೊಂಡಿರುವುದು ರಾಯರ ಪುಣ್ಯ. ಡಾಂಗಲ್ ಅಲ್ಲಿಗೆ ಹೋಯಿತು. ಡ್ಯಾಶ್‌ಬೋರ್ಡಿನ ಗಣಪತಿ ಎರಡಿಂಚು ಪಕ್ಕಕ್ಕೆ ಸರಿದು ಫೋನಿಗೆ ಜಾಗ ಬಿಟ್ಟುಕೊಟ್ಟ.

ಆ ಫೋನಿನಲ್ಲಿ ಏನಿದೆ, ಏನಿಲ್ಲ! ವೋಲ್ಟು, ಆಂಪಿಯರು, ಬ್ಯಾಟರಿಯ ಜ್ವರ, ಬ್ಯಾಟರಿಯ ಆರೋಗ್ಯ. ಸಾಲಾಗಿ ಜೋಡಿಸಿದ ನೂರರ ಆಸುಪಾಸಿನ ಸೆಲ್ಲುಗಳಲ್ಲಿ ಪ್ರತಿಯೊಂದರ ವೋಲ್ಟೇಜೂ ಬೇರೆಬೇರೆ, ಅದೂ ಮೂರು ದಶಮಾಂಶದವರೆಗೆ. ಮೊಮ್ಮಕ್ಕಳ ಹುಟ್ಟುಹಬ್ಬ ಮರೆಯುವ ರಾಯರಿಗೆ ನಲವತ್ತೇಳನೇ ಸೆಲ್ಲಿನ ಸ್ವಭಾವ ಚೆನ್ನಾಗಿ ಗೊತ್ತು. "ಅದೊಂದು ಉಳಿದವರಿಗಿಂತ ಎಂಟು ಮಿಲಿವೋಲ್ಟು ಹಿಂದೆ ಬಿದ್ದಿದೆ" ಎಂದು ಲಿಫ್ಟಿನಲ್ಲಿ ಹೇಳುವಾಗ ಅವರ ದನಿ ತಗ್ಗುತ್ತದೆ. ಎಂಟು ಮಿಲಿವೋಲ್ಟು ಲೆಕ್ಕಕ್ಕೇ ಇಲ್ಲ, ಮಾಮೂಲು ವ್ಯತ್ಯಾಸ ಎಂದು ಹೇಳಿದವರ ಜೊತೆ ಅವರು ಆಮೇಲೆ ಅಷ್ಟಾಗಿ ಬಳಕೆಯಿಟ್ಟುಕೊಳ್ಳುವುದಿಲ್ಲ.

ಇವರ ಕಾರಿನಲ್ಲಿ ಕೂರುವವರು ಬೇಸಿಗೆಯಲ್ಲಿ ಬೀಸಣಿಗೆ ತರಬೇಕು. ಏಸಿ ಹಾಕಿದ ಕೂಡಲೇ ಪರದೆಯ ಅಂಕಿ ಒಂದು ಕಿಲೋವ್ಯಾಟ್ ಜಿಗಿಯುವುದನ್ನು ರಾಯರು ಬೆರಳಿಟ್ಟು ತೋರಿಸುತ್ತಾರೆ. ಅದನ್ನು ನೋಡಿದ ಮೇಲೂ ಏಸಿ ಬೇಕೆನ್ನಲು ಎಂಟೆದೆ ಬೇಕು. ಅವರ ಹೆಂಡತಿಗೆ ಅದಿದೆ. "ಈ ನಿಮ್ಮ ಕಿಲೋನ ಕಾಯಿಪಲ್ಯದಲ್ಲಿ ಮುರ್ಕೊಳ್ಳಿ" ಎಂದು ಗುಂಡಿ ಒತ್ತಿಬಿಡುತ್ತಾರೆ.

ಸಿಲ್ಕ್ ಬೋರ್ಡ್ ಜಾಮಿನಲ್ಲಿ ನಗುತ್ತಾ ಕೂರುವ ಮನುಷ್ಯನನ್ನು ನಾನು ಕಂಡಿದ್ದರೆ ಅದು ರಾಯರೊಬ್ಬರನ್ನೇ. ಸುತ್ತಲಿನವರು ಹಾರ್ನ್ ಬಡಿದು ಪೆಟ್ರೋಲ್ ಸುಡುತ್ತಿದ್ದರೆ ಇವರ ಮೋಟರಿನ ಖರ್ಚು ಸೊನ್ನೆ. ಇನ್ನು ಘಾಟಿ ಇಳಿಯುವಾಗಿನ ಸಂಭ್ರಮವನ್ನಂತೂ ಕೇಳಬೇಡಿ. ಇಳಿಜಾರಿನಲ್ಲಿ ಮೋಟರು ಜನರೇಟರಾಗಿ ಬ್ಯಾಟರಿಗೇ ಕರೆಂಟು ತುಂಬುತ್ತದೆ, ಪರದೆಯ ಮೇಲೆ ಅಂಕಿಯ ಹಿಂದೆ ಮೈನಸ್ ಮೂಡುತ್ತದೆ. ಮೈನಸ್ ಕಂಡು ಹಿಗ್ಗಿದ ಬ್ಯಾಂಕಿನವರು ಬೇರೆ ಇರಲಾರರು. ಶಿರಾಡಿಯ ನೆತ್ತಿಯಲ್ಲಿ ನಲವತ್ತೊಂದು ಇದ್ದದ್ದು ಗುಂಡ್ಯದಲ್ಲಿ ಸುಬ್ರಹ್ಮಣ್ಯದ ಕಡೆಗೆ ತಿರುಗುವಾಗ ನಲವತ್ತೆರಡಾಗಿತ್ತಂತೆ. ರಾಯರು ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಲ್ಲರಿಗೂ ಫೋನ್ ತೋರಿಸಿದರು. "ಇನ್ನೂ ದರ್ಶನವೇ ಆಗಿಲ್ಲ, ಪ್ರಸಾದ ಬಂದೇಬಿಡ್ತಲ್ಲ" ಎಂದರು ಹೆಂಡತಿ. ಅಂದಿನಿಂದ ಮಡಿಕೇರಿಯಲ್ಲಿ ತಂಗಿದರೆ ರಾತ್ರಿ ನೂರರವರೆಗೆ ಚಾರ್ಜ್ ಮಾಡುವುದಿಲ್ಲ. ತುಂಬಿದ ಬ್ಯಾಟರಿ ಹೆಚ್ಚಿನದನ್ನು ತೆಗೆದುಕೊಳ್ಳುವುದಿಲ್ಲವಲ್ಲ, ಬೆಳಗ್ಗೆ ಇಳಿಯುವಾಗ ಹುಟ್ಟುವ ಕರೆಂಟನ್ನು ಇಡುವುದೆಲ್ಲಿ? ಈ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಲೇಬೇಕು.

ಅವರ ನಿಜವಾದ ದುಃಖ ಬೇರೆಯೇ. ಅವರ ಕಾರಿನದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದರ ವೋಲ್ಟೇಜು ಮಧ್ಯದಲ್ಲಿ ಹೆಚ್ಚುಕಡಿಮೆ ಸಪಾಟು. ನಲವತ್ತು ಪರ್ಸೆಂಟಿನಲ್ಲೂ ಎಪ್ಪತ್ತರಲ್ಲೂ ಮುಖದ ಮೇಲೆ ಏನೂ ತೋರುವುದಿಲ್ಲ. ಹಾಗಾಗಿ ಒಳಗಿನ ಕಂಪ್ಯೂಟರು ಹೋದ ಕರೆಂಟು, ಬಂದ ಕರೆಂಟು ಕೂಡಿ ಕಳೆದು ಒಂದು ಅಂಕಿ ಹೇಳುತ್ತದೆ. ತಪ್ಪು ಸೇರುತ್ತಾ ಹೋಗುತ್ತದೆ, ಆಗಾಗ ನೂರು ಮುಟ್ಟಿಸಿ ತಿದ್ದಬೇಕು. ಇದು ತಿಳಿದ ದಿನ ರಾಯರು ಊಟಕ್ಕೆ ಕುಳಿತವರು ಹುಳಿಗೆ ಉಪ್ಪಿಲ್ಲದ್ದನ್ನೂ ಗಮನಿಸಲಿಲ್ಲವಂತೆ. "ದಶಮಾಂಶ ಹಾಕಿ ಅಂದಾಜು ಹೇಳ್ತಿದೆಯಲ್ರೀ!"

ಮೊನ್ನೆ ಬೆಳಗ್ಗೆ ಕಾರು ಬಾಗಿಲನ್ನೇ ತೆಗೆಯಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ತೊಂಬತ್ತೊಂದು ಇದೆ, ನಲವತ್ತೇಳನೇ ಸೆಲ್ಲೂ ಸೇರಿದಂತೆ ಎಲ್ಲರೂ ಕ್ಷೇಮ. ಆದರೆ ಅದನ್ನು ಮೋಟರಿಗೆ ಜೋಡಿಸುವ ಸ್ವಿಚ್ಚನ್ನು ಒತ್ತಲು ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಬೇಕು, ಪೆಟ್ರೋಲ್ ಕಾರಿನಲ್ಲಿರುತ್ತದಲ್ಲ ಅಂಥದೇ. ಅದು ಸತ್ತಿತ್ತು. ರಾಯರು ವಾರಗಟ್ಟಲೆ ಮಗಳ ಮನೆಗೆ ಹೋಗಿದ್ದಾಗ, ಕಿಂಡಿಯಲ್ಲೇ ಬಿಟ್ಟುಹೋದ ಡಾಂಗಲ್ ಹಗಲೂ ರಾತ್ರಿ ಎಚ್ಚರವಾಗಿದ್ದು ಅದನ್ನು ಹೀರಿ ಮುಗಿಸಿತ್ತು. ಕೊನೆಗೆ ವೈರು ಹಚ್ಚಿ ಪ್ರಾಣ ಕೊಟ್ಟದ್ದು ಮೂರನೇ ಮಹಡಿಯವರ ಮಾರುತಿ 800, ರಾಯರು ಯಾವಾಗಲೂ 'ಹೊಗೆಗೂಡು' ಎಂದು ಹಂಗಿಸುತ್ತಿದ್ದ ಗಾಡಿ.

ಮಧ್ಯಾಹ್ನವೇ ರಾಯರು ಮತ್ತೆ ಎಸ್.ಪಿ. ರೋಡಿನಲ್ಲಿದ್ದರು. ಪುಟ್ಟ ಬ್ಯಾಟರಿಯ ಮೇಲೆ ಕಣ್ಣಿಡಲೂ ಬ್ಲೂಟೂತ್ ಮಾನಿಟರು ಸಿಗುತ್ತದೆ. ಅಂಗಡಿಯವನು ಪ್ಯಾಕ್ ಮಾಡುತ್ತಿದ್ದಂತೆ ಕೇಳಿದರಂತೆ: "ಇದಕ್ಕೆ ಕರೆಂಟು ಎಲ್ಲಿಂದ?"

"ಅದೇ ಬ್ಯಾಟರಿಯಿಂದ ಸಾರ್."

"ಎಷ್ಟು ಕುಡಿಯುತ್ತೆ?"

"ಅಳೆದು ನೋಡ್ಬೇಕು ಸಾರ್. ಅದಕ್ಕೂ ಒಂದು ಮೀಟರಿದೆ, ತೋರಿಸ್ಲಾ?"

ರಾಯರು ಸ್ಟೂಲ್ ಎಳೆದುಕೊಂಡು ಕುಳಿತರು.