ಬೇಲಿಯಾಚೆಗೆ ಬರುವುದು ಬೇಸ್ ಮಾತ್ರ

"ನಿನ್ನೆ ರಾತ್ರಿ ಯಾವ ಹಾಡು ಹಾಕಿದ್ರಿ ಮೇಷ್ಟ್ರೇ? ನನಗೆ ಡುಂ ಡುಂ ಅನ್ನೋದಷ್ಟೇ ಕೇಳಿಸ್ತು."

ಬೇಲಿಯ ಆಚೆ ಅಡಿಕೆ ಸಸಿಗೆ ನೀರು ಬಿಡುತ್ತಿದ್ದ ಮೇಷ್ಟ್ರು ಪೈಪು ಕೆಳಗಿಟ್ಟರು. "ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಮಾರಾಯ್ರೇ! ಅದು ಡುಂ ಡುಂ ಅಂತ ಕೇಳಿಸ್ತಾ?"

ಹಾಗೇ ಕೇಳಿಸಿತು. ವೀಣೆಯ ಮೀಟು, ಗಮಕ ಎಲ್ಲ ಅವರ ಮನೆಯ ಗೋಡೆಯೊಳಗೇ ಉಳಿದವು. ತಗ್ಗಿನ ನಾದಕ್ಕೆ ಗೋಡೆಯ ಹಂಗಿಲ್ಲ. 80 ಹರ್ಟ್ಜ್‌ನ ಒಂದೊಂದು ಅಲೆಯೂ 14 ಅಡಿ ಉದ್ದ. ಕಿಟಕಿ, ಬಾಗಿಲ ಸಂದು, ಹೆಂಚಿನ ಮಾಡು ಯಾವುದೂ ಅದನ್ನು ತಡೆಯುವುದಿಲ್ಲ. ಹಾಗಾಗಿ ಪಕ್ಕದ ಮನೆಯವನಿಗೆ ಕೇಳುವುದು ಸಬ್‌ವೂಫರ್ ಒಂದೇ. ಅದು ಎಷ್ಟು ಹೆಚ್ಚಾಗಿದೆ ಅನ್ನುವುದಕ್ಕೆ ಅವನಿಗಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗುವುದಿಲ್ಲ.

ಮೇಷ್ಟ್ರ ಮಗ ಬೆಂಗಳೂರಿಂದ ಮೊದಲು ತಂದದ್ದು ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್. ಐದಿಂಚಿನ ಕೋನು, ಗಟ್ಟಿ ಡಬ್ಬ, ದನಿ ಸ್ವಚ್ಛ. ಯುಗಾದಿಗೆ ಬಂದಾಗ ಸಬ್‌ವೂಫರನ್ನೂ ತಂದು, ಜಾಗ ಖಾಲಿಯಿದ್ದ ಮೂಲೆಗೆ ತಳ್ಳಿ, ವೈರು ಚುಚ್ಚಿ ಬಸ್ಸು ಹತ್ತಿದ. ಅಲ್ಲಿಂದ ಮೇಷ್ಟ್ರಿಗೆ ಸಮಾಧಾನವಿಲ್ಲ. "ಹಾಡೋರು ಎದುರಿಗಿದಾರೆ, ಮೂಲೇಲಿ ಬೇರೆ ಯಾರೋ ಕೂತು ಬಾರಿಸ್ತಾ ಇದಾರೆ ಅನ್ಸುತ್ತೆ. ತೆಗೆದು ಅಟ್ಟಕ್ಕೆ ಹಾಕ್ಲಾ?"

ಬೇಡವೇ ಬೇಡ ಅಂದೆ. ವೀಣೆಯ ನಾಲ್ಕನೆಯ ತಂತಿ ಅನುಮಂದ್ರದ ಪಂಚಮ. ಮೂರು ಕಟ್ಟೆ ಶ್ರುತಿಗೆ ಅದು ಸುಮಾರು 62 ಹರ್ಟ್ಜ್. ತಾನ ನುಡಿಸುವಾಗ ವೈಣಿಕರು ಅಲ್ಲಿಗಿಳಿದರೆ ಐದಿಂಚಿನ ಸ್ಪೀಕರಿಗೆ ಉಸಿರು ಸಾಲದು. ಒಂದು ಕಟ್ಟೆಗೆ ಶ್ರುತಿ ಮಾಡಿದ ಗಂಡು ತಂಬೂರಿಯ ಮಂದ್ರ ಷಡ್ಜವೂ 65ರ ಹತ್ತಿರವೇ. ಸಣ್ಣ ಸ್ಪೀಕರಿನಲ್ಲಿ, ಅಷ್ಟೇಕೆ, ಮೊಬೈಲಿನಲ್ಲೂ ನಮಗೆ ತಂಬೂರಿಯ ಷಡ್ಜ ಗೊತ್ತಾಗುತ್ತದಲ್ಲ, ಅದು ಕಿವಿಯ ಉಪಕಾರ. ಮೇಲಿನ ಸ್ವರಾಂಶಗಳನ್ನು ಕೇಳಿ ಕೆಳಗಿನದನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಆದರೆ ತಂಬೂರಿಯ ಪಕ್ಕ ಕೂತಾಗ ನೆಲದಿಂದ ಮೈಗೆ ಹತ್ತುವ ತುಂಬುನಾದವೇ ಬೇರೆ. ಅದು ಬೇಕೆಂದರೆ ಸಬ್‌ವೂಫರ್ ಬೇಕು. ಸಿನಿಮಾದ ಬಾಂಬಿಗೆ ಮಾತ್ರ ಅದು ಅನ್ನುವವರು ನಮ್ಮ ಸಂಗೀತದ ತಳವನ್ನು ಸರಿಯಾಗಿ ಕೇಳಿಲ್ಲ.

"ಹಂಗಾದ್ರೆ ಕಡೂರಲ್ಲಿ ಭಾವನ ಮನೇಲಿ ಇನ್ನೂ ಕೆಟ್ಟದಾಗಿತ್ತಲ್ಲ?" ಅಂದರು ಮೇಷ್ಟ್ರು. ಗೃಹಪ್ರವೇಶಕ್ಕೆ ಇದೇ ಸೆಟ್ಟನ್ನು ಕಡೂರಿಗೆ ಒಯ್ದಿದ್ದರು. ಅಜ್ಜಂಪುರದ ಹಳೇ ಮನೆಗೂ ಒಂದು ಹಬ್ಬಕ್ಕೆ ಹೋಗಿ ಬಂದಿದೆ. ಮೂರು ಊರಲ್ಲೂ ಅದೇ ಡಬ್ಬ, ಅದೇ ವೈರು. ಕೇಳಿದ್ದು ಮಾತ್ರ ಮೂರು ಬಗೆ. ಸಬ್‌ವೂಫರಿನ ವಿಷಯದಲ್ಲಿ ಕೋಣೆಯೇ ಅರ್ಧ ವಾದ್ಯ.

ಲೆಕ್ಕ ಸುಲಭ. 565ನ್ನು ಕೋಣೆಯ ಉದ್ದದ ಅಡಿಯಿಂದ ಭಾಗಿಸಿದರೆ ಆ ಕೋಣೆ ಎಲ್ಲಿ ಗುಂಯ್‌ಗುಡುತ್ತದೆ ಅನ್ನುವುದು ಹರ್ಟ್ಜ್‌ನಲ್ಲಿ ಬರುತ್ತದೆ. ಕಡೂರಿನ ಆ ಹೊಸ ಹಾಲು ಚಚ್ಚೌಕ, 12ಕ್ಕೆ 12. ಉದ್ದಕ್ಕೂ 47, ಅಗಲಕ್ಕೂ 47. ಎರಡೂ ಒಂದೇ ಕಡೆ ಬಂದು ಕೂತವು. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸು, ನಾದ ಹೊರಗೆ ಹೋಗಲು ದಾರಿಯಿಲ್ಲ. ಯಾವ ಹಾಡು ಹಾಕಿದರೂ ಆ ಒಂದು ಸ್ವರ ಮಾತ್ರ ಎದ್ದು ಬರುತ್ತದೆ. ಅಜ್ಜಂಪುರದ ಮನೆಯಲ್ಲಿ ಎರಡಡಿ ದಪ್ಪದ ಮಣ್ಣಿನ ಗೋಡೆ, ಹತ್ತಡಿಯ ನಡುಮನೆ. ಅಲ್ಲಿನ ಗುಂಯ್‌ಗುಡುವಿಕೆ 56ರ ಹತ್ತಿರ. ತರೀಕೆರೆಯ ಮೇಷ್ಟ್ರ ಮನೆ 14ಕ್ಕೆ 11, ಹೆಂಚಿನ ಮಾಡು. ಮೂರರಲ್ಲಿ ಇದೇ ವಾಸಿ: ಉದ್ದ ಅಗಲ ಬೇರೆಬೇರೆ, ಹೆಂಚು ಒಂದಷ್ಟು ಬೇಸನ್ನು ಆಕಾಶಕ್ಕೆ ಬಿಟ್ಟುಬಿಡುತ್ತದೆ. ಪರದೆ, ಜಮಖಾನದಿಂದ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳುವುದುಂಟು. ಅವು ಮೇಲಿನ ಸ್ವರದ ಕಿರಿಕಿರಿಗೆ ಮದ್ದು. 40 ಹರ್ಟ್ಜ್‌ಗೆ ಜಮಖಾನ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

"ಮತ್ತೆ ಏನ್ ಮಾಡ್ಬೇಕು ಹೇಳಿ."

ಮೊದಲು ಮೂಲೆ ಬಿಡಿಸಬೇಕು. ಮೂಲೆಯಲ್ಲಿಟ್ಟರೆ ಬೇಸ್ ಜೋರು, ನಿಜ. ಕೋಣೆಯ ಎಲ್ಲ ಗುಂಯ್‌ಗುಡುವಿಕೆಯನ್ನೂ ಒಟ್ಟಿಗೇ ಕೆರಳಿಸುವ ಜಾಗವೂ ಅದೇ. ಸಬ್‌ವೂಫರನ್ನು ತಾವು ಕೂರುವ ಕುರ್ಚಿಯ ಮೇಲೆ ಇಟ್ಟು ವೀಣೆಯನ್ನೋ ತಬಲವನ್ನೋ ಹಾಕಿ, ಗೋಡೆಯ ಬದಿಯಲ್ಲಿ ನೆಲದ ಹತ್ತಿರ ಕಿವಿಯಿಟ್ಟು ಸುತ್ತಬೇಕು. ಎಲ್ಲಿ ಪ್ರತಿ ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಗುರುತು ಹಾಕಿ ಡಬ್ಬವನ್ನು ಅಲ್ಲಿಗೆ ತಂದು, ಕುರ್ಚಿಗೆ ಮರಳಿದರೆ ಆಯಿತು. "ನಿಮ್ಮ ಮಂಡಿಗೆ ಇದಾಗಲ್ಲ, ಮೊಮ್ಮಗನಿಗೆ ಹೇಳಿ, ಅವನ ಕಿವೀನೂ ಚುರುಕು" ಅಂದೆ.

ಆಮೇಲೆ ಬರುವುದೇ ಇದರಲ್ಲಿ ಬಹಳ ನಾಜೂಕಿನ ಕೆಲಸ: ಎರಡು ದನಿಯ ಕೂಡುವಿಕೆ. ಹೆಂಚು ಹೊದಿಸುವಾಗ ಒಂದರ ಅಂಚಿನ ಮೇಲೆ ಇನ್ನೊಂದು ಎಷ್ಟು ಕೂರಬೇಕೋ ಅಷ್ಟೇ ಕೂರಬೇಕಲ್ಲ, ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಉಬ್ಬುತ್ತದೆ. ಸ್ಪೀಕರ್ ಎಲ್ಲಿ ಸುಸ್ತಾಗಿ ಇಳಿಯುತ್ತದೋ ಅಲ್ಲಿ ಸಬ್‌ವೂಫರ್ ಏರಬೇಕು. ಬೇಸನ್ನು ಬೇರ್ಪಡಿಸದ ಸಾದಾ ಆಂಪ್ಲಿಫೈಯರ್ ಆದರೆ ಸ್ಪೀಕರುಗಳು ತಮಗೆ ಆದಷ್ಟೂ ಕೆಳಗೆ ನುಡಿಯುತ್ತವೆ. ಸಬ್‌ವೂಫರಿನ ಕ್ರಾಸ್‌ಓವರ್ ತಿರುಪನ್ನು 60ರ ಆಸುಪಾಸಿಗೆ ಇಟ್ಟು ಶುರುಮಾಡುವುದು ವಾಸಿ. ಮೇಷ್ಟ್ರದು ಸಿನಿಮಾಕ್ಕೂ ಆಗುವ ರಿಸೀವರ್. ಅದರ ಮೆನುವಿನಲ್ಲಿ ಸ್ಪೀಕರನ್ನು ‘ಸ್ಮಾಲ್’ ಎಂದು ಗುರುತಿಸಿ 80ಕ್ಕೆ ಕೊಟ್ಟರೆ ವಿಭಾಗವನ್ನು ಅದೇ ಮಾಡುತ್ತದೆ. ಆಗ ಸಬ್‌ವೂಫರಿನ ಬೆನ್ನಿನ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಬೇಕು. ಮಗ ಅಲ್ಲೂ 80, ಇಲ್ಲೂ 80 ಇಟ್ಟುಹೋಗಿದ್ದ. ಒಂದೇ ಸೋಸುವಿಕೆ ಎರಡು ಸಲ ಆಗಿ, ಕೂಡುವ ಜಾಗದಲ್ಲೇ ಹಳ್ಳ ಬಿದ್ದಿತ್ತು. ಆ ಹಳ್ಳ ಮುಚ್ಚಲು ಮೇಷ್ಟ್ರು ವಾಲ್ಯೂಮ್ ಏರಿಸುತ್ತಾ ಹೋದದ್ದು ಬೇಲಿ ದಾಟಿ ನನ್ನ ಮನೆಗೆ ಬಂತು.

ಇನ್ನು ಫೇಸ್ ಸ್ವಿಚ್ಚು. ಕುರ್ಚಿಯಿಂದ ಸಬ್‌ವೂಫರಿಗೂ ಸ್ಪೀಕರಿಗೂ ಇರುವ ದೂರದಲ್ಲಿ ಏಳಡಿ ವ್ಯತ್ಯಾಸವಾದರೆ, 80 ಹರ್ಟ್ಜ್‌ನಲ್ಲಿ ಒಂದು ಗಾಳಿಯನ್ನು ಒತ್ತುವಾಗ ಇನ್ನೊಂದು ಎಳೆಯುತ್ತದೆ; ಇಬ್ಬರ ದುಡಿಮೆಯೂ ಸೊನ್ನೆ. ಮೊಬೈಲಿನಿಂದ 80ರ ಒಂದೇ ಸಮನೆ ಸ್ವರ ಹಾಕಿ, ಒಬ್ಬರು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಸ್ವಿಚ್ಚನ್ನು 0ಗೂ 180ಕ್ಕೂ ಬದಲಿಸಿದರೆ ಜೋರಾಗಿ ಕೇಳುವುದೇ ಸರಿ. ಸ್ವಿಚ್ಚಿನ ಬದಲು ಪೂರ್ತಿ ಸುತ್ತಿನ ತಿರುಪಿದ್ದರೆ ನಾನು ಉಲ್ಟಾ ಹೋಗುತ್ತೇನೆ: ಸ್ವರ ತೀರಾ ಕ್ಷೀಣವಾಗುವ ಬಿಂದು ಹುಡುಕಿ, ಅಲ್ಲಿಂದ 180 ತಿರುಗಿಸುವುದು. ಕಿವಿಗೆ ಶಿಖರಕ್ಕಿಂತ ಕಣಿವೆ ಬೇಗ ಗೊತ್ತಾಗುತ್ತದೆ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿದ್ದ ಲಿಂಕ್‌ವಿಟ್ಸ್ 1976ರಲ್ಲಿ, ಗೆಳೆಯ ರೈಲಿಯ ನೆರವಿನಿಂದ, ಎರಡು ಸ್ಪೀಕರುಗಳು ಕೂಡುವಲ್ಲಿ ಉಬ್ಬು ತಗ್ಗು ಬಾರದ ಹಾಗೆ ವಿಭಾಗಿಸುವ ಲೆಕ್ಕ ಕೊಟ್ಟರು. ಇವತ್ತಿನ ಎಷ್ಟೋ ಯಂತ್ರಗಳಲ್ಲಿ ಅದೇ ಲೆಕ್ಕ ಓಡುತ್ತಿದೆ. ಆದರೆ ನಿಮ್ಮ ಹಾಲಿನಲ್ಲಿ ಕುರ್ಚಿ ಎಲ್ಲಿದೆ ಅಂತ ಆ ಲೆಕ್ಕಕ್ಕೆ ಗೊತ್ತಿಲ್ಲವಲ್ಲ.

"ಎಲ್ಲಾ ಸರಿಯಾಯ್ತು ಅಂತ ಗೊತ್ತಾಗೋದು ಹೆಂಗೆ?"

"ಡಗ್ಗ ಕೇಳಿ ಮೇಷ್ಟ್ರೇ."

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ತಬಲ ನುಡಿಸುವವರು ಡಗ್ಗದ ಮೇಲೆ ಅಂಗೈಯ ಬುಡ ಒತ್ತಿ ಜಾರಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಏರುವ ಹಾದಿಯಲ್ಲಿ ಅದು ಹಾದುಹೋಗುವುದು ಸರಿಯಾಗಿ ಈ 80–100ರ ಸೀಮೆಯನ್ನೇ, ಸಬ್‌ವೂಫರ್ ಸ್ಪೀಕರಿಗೆ ಕೈದಾಟಿಸುವ ಜಾಗವನ್ನೇ. ಕೂಡಿಕೆ ಕೆಟ್ಟಿದ್ದರೆ ನಾದ ಮೂಲೆಯಲ್ಲಿ ಹುಟ್ಟಿ ನಡುವೆ ಬಿಕ್ಕಿ ಎದುರಿಗೆ ಬಂದು ಮುಗಿಯುತ್ತದೆ. ಸರಿಯಿದ್ದರೆ ಡಗ್ಗ ತಬಲದ ಪಕ್ಕದಲ್ಲೇ, ಒಂದೇ ಮೈಯಾಗಿ, ಒಬ್ಬರದೇ ಎರಡು ಕೈಯಾಗಿ ಕೇಳುತ್ತದೆ. 1978ರ ‘ನಿತ್ಯೋತ್ಸವ’ದ ಧ್ವನಿಸುರುಳಿಯ ಹಾಡುಗಳು ಮೇಷ್ಟ್ರಲ್ಲಿವೆ, ಅವನ್ನೇ ಹಾಕಿ ಅಂದೆ, ಬಾಯಿಪಾಠವಾದ ಹಾಡಿನಲ್ಲಿ ತಪ್ಪು ಬೇಗ ಸಿಗುತ್ತದೆ. ಅಂತರಘಟ್ಟೆ ಜಾತ್ರೆಯ ಡೊಳ್ಳು ಎದೆಗೆ ಗುದ್ದುವ ಹಾಗೆ ಮನೆಯಲ್ಲೂ ಗುದ್ದಲಿ ಅಂತ ಮೊಮ್ಮಗ ಆಸೆಪಡುತ್ತಾನಂತೆ. ಡೊಳ್ಳು ಬಯಲಿನ ವಾದ್ಯ. ಅಲ್ಲಿ ಗೋಡೆಯಿಲ್ಲ, ಗುಂಯ್‌ಗುಡುವಿಕೆಯಿಲ್ಲ, ಪೆಟ್ಟು ಬಿದ್ದ ಕ್ಷಣವೇ ಮುಗಿಯುತ್ತದೆ. ಮನೆಯಲ್ಲಿ ಅಂಥ ಚುರುಕು ಬೇಕೆಂದರೆ ವಾಲ್ಯೂಮ್ ಇಳಿಸಬೇಕು, ಏರಿಸುವುದಲ್ಲ.

ಹೊಂದಿಸುವ ಹೊತ್ತೂ ಮುಖ್ಯ. ಮೇಷ್ಟ್ರು ಎಲ್ಲರೂ ಮಲಗಿದ ಮೇಲೆ, ಮೆಲ್ಲಗೆ ಇಟ್ಟು ತಿರುಪು ತಿರುಗಿಸುತ್ತಾರೆ. ದನಿ ಇಳಿದಂತೆ ಕಿವಿಗೆ ಮೊದಲು ಮಾಯವಾಗುವುದು ಬೇಸ್. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಸಾಲದು ಅಂತ ಏರಿಸಿದ್ದು ಹಗಲು ಹಾಡು ಜೋರು ಮಾಡಿದಾಗ ಮೈಮೇಲೆ ಬರುತ್ತದೆ. ನಿತ್ಯ ಕೇಳುವ ಮಟ್ಟದಲ್ಲೇ ಹೊಂದಿಸಿ ಹಾಗೇ ಬಿಡಬೇಕು.

ಹಾಡಿಲ್ಲದಾಗಲೂ ಬರುವ ಗೊಂಯ್ ಸದ್ದಿನ ಬಗ್ಗೆಯೂ ಕೇಳಿದರು. ಡಿಶ್ಶಿನ ಕೇಬಲ್ ಕಿತ್ತು ನೋಡಿ, ನಿಂತರೆ ಅದರ ದಾರಿಯಲ್ಲೇ ದೋಷ. ನಿಲ್ಲದಿದ್ದರೆ ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು. ಇದ್ದಿಲು ಉಪ್ಪು ಹಾಕಿದ ಗುಂಡಿ ಬೇಸಗೆಯಲ್ಲಿ ಒಣಗಿರುತ್ತದೆ, ನೀರು ಕಾಣಿಸಬೇಕು. ಪ್ಲಗ್ಗಿನ ಮೂರನೇ ಪಿನ್ನನ್ನು ಮಾತ್ರ ಯಾರೇ ಹೇಳಿದರೂ ಕೀಳಬಾರದು, ಅದು ಪ್ರಾಣದ ವಿಷಯ.

"ಭಾವನೂ ಸೆಟ್ಟು ತಗೋತಾನಂತೆ. ಹನ್ನೆರಡಿಂಚಿಂದು, ದೊಡ್ಡದು."

"ಆ ಚಚ್ಚೌಕದ ಹಾಲಿಗಾ? ಬೇಡ ಅನ್ನಿ. ಅದೇ ದುಡ್ಡಿಗೆ ಎಂಟಿಂಚಿನವು ಎರಡು ಬರುತ್ತಾ ಕೇಳಲಿ. ಎದುರುಬದುರು ಗೋಡೆಗಳ ನಟ್ಟನಡುವೆ ಒಂದೊಂದು ಇಟ್ಟರೆ ಆ 47ರ ಉಬ್ಬು ಉದ್ದಕ್ಕೂ ತಗ್ಗುತ್ತೆ, ಅಗಲಕ್ಕೂ ತಗ್ಗುತ್ತೆ. 2002ರಲ್ಲಿ ಟಾಡ್ ವೆಲ್ಟಿ ಅನ್ನೋರು ಎಷ್ಟು ಸಬ್‌ವೂಫರ್ ಸಾಕು ಅಂತ ಲೆಕ್ಕ ಹಾಕಿದಾಗ ಬಂದ ಮಾತು ಇದು. ವೈರು ಮಾತ್ರ ಉದ್ದ ಬೇಕು. ಬಾಗಿಲ ಮೇಲಿಂದ ಸುತ್ತಿ ಆ ಗೋಡೆಗೆ ಹೋಗ್ಬೇಕಲ್ಲ, ಹದಿನೈದು ಮೀಟರ್ ಆದ್ರೂ ಬೇಕು. ನಿಮ್ಮ ಮಗ ಬರೋವಾಗ ಎಸ್‌ಪಿ ರೋಡಲ್ಲಿ ಹಿಡ್ಕೊಂಡು ಬರ್ಲಿ, ಕಡೂರಲ್ಲೇ ಇಳಿದು ಕೊಟ್ಟು ಬರಬಹುದು."